ಕತ್ತಲ ಕುಳಿಯ ಅಂಚಿನ ಬಿಸಿಲು ಯಾರ ಪಾಲು?

ಚಂದ್ರನ ದಕ್ಷಿಣ ಧ್ರುವಬಿಂದುವಿಗೆ ತಾಗಿದಂತೆಯೇ ಒಂದು ಕುಳಿಯಿದೆ. ಅಂಟಾರ್ಕ್ಟಿಕದ ಅನ್ವೇಷಕ ಅರ್ನೆಸ್ಟ್ ಷ್ಯಾಕಲ್ಟನ್ನನ ಹೆಸರನ್ನು ಅದಕ್ಕೆ ಇಡಲಾಗಿದೆ. ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಆಕಾಶಕಾಯವೊಂದು ಬಂದು ಅಪ್ಪಳಿಸಿದಾಗ ಉಂಟಾದ ಬಟ್ಟಲಿನಾಕಾರದ ಹಳ್ಳವಿದು. ಅಡ್ಡಳತೆ ಸುಮಾರು 21 ಕಿ.ಮೀ.; ಆಳ 4 ಕಿ.ಮೀ.ಗೂ ಹೆಚ್ಚು.

ಭೂಮಿಯ ಅಕ್ಷ 23.5 ಡಿಗ್ರಿ ವಾಲಿದ್ದರೆ ಚಂದ್ರನದು ವಾಲಿರುವುದು ಕೇವಲ 1.5 ಡಿಗ್ರಿ. ಆದ್ದರಿಂದ ಅಲ್ಲಿನ ಧ್ರುವದಲ್ಲಿ ಸೂರ್ಯ ನೆತ್ತಿಗೇರುವುದಿಲ್ಲ, ದಿಗಂತವನ್ನು ಸವರುತ್ತ ಸುತ್ತುತ್ತಾನೆ. ಕುಳಿಯ ಅಂಚಿನ ಕೆಲವು ಎತ್ತರದ ತಾಣಗಳಿಗೆ ವರ್ಷದ ಬಹುಪಾಲು ಬಿಸಿಲು. ತಳಕ್ಕೆ ಕೋಟ್ಯಂತರ ವರ್ಷಗಳಿಂದ ನೇರ ಕಿರಣವೊಂದೂ ಇಳಿದಿಲ್ಲ. ಅಲ್ಲಿನ ಉಷ್ಣತೆ ಮೈನಸ್ 180 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಂಥ ಶೀತದಲ್ಲಿ ಹಿಮ ಆವಿಯಾಗದೆ ಯುಗಗಳ ಕಾಲ ಉಳಿಯಬಲ್ಲದು.

2008ರಲ್ಲಿ ಜಪಾನಿನ ಕಗುಯಾ ನೌಕೆಯ ಚಿತ್ರಗಳಲ್ಲಿ ಹಿಮದ ಹಾಸು ಕಾಣಿಸಲಿಲ್ಲ. 2012ರಲ್ಲಿ ಪ್ರಕಟವಾದ ನಾಸಾದ ಲೇಸರ್ ಅಳತೆಗಳು, ಮೇಲ್ಮೈಯಲ್ಲಿ ಶೇ 22ರವರೆಗೆ ಹಿಮವಿರುವ ಸಾಧ್ಯತೆಯನ್ನು ಸೂಚಿಸಿದವು. ನಮ್ಮ ಚಂದ್ರಯಾನ-1ರ ಶೋಧಕವು ತ್ರಿವರ್ಣ ಧ್ವಜದ ಚಿತ್ರವನ್ನು ಹೊತ್ತು 2008ರ ನವೆಂಬರ್ 14ರಂದು ಬಂದು ಬಿದ್ದದ್ದೂ ಈ ಕುಳಿಯ ಸಮೀಪದಲ್ಲೇ.

ಬಿಸಿಲಿದ್ದರೆ ವಿದ್ಯುತ್ತು, ಹಿಮವಿದ್ದರೆ ಕುಡಿಯಲು ನೀರು, ಉಸಿರಾಡಲು ಆಮ್ಲಜನಕ, ರಾಕೆಟ್ಟಿಗೆ ಇಂಧನ. ಎರಡೂ ಅಕ್ಕಪಕ್ಕದಲ್ಲಿ ದೊರೆಯಬಹುದಾದ ನೆಲೆಗಳು ತೀರ ವಿರಳ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಕೊರತೆ ಇರುವೆಡೆ ಪೈಪೋಟಿ ಅನಿವಾರ್ಯ. ಚಂದ್ರನ ಮೇಲೆ ಯಾವ ದೇಶವೂ ಒಡೆತನ ಸಾಧಿಸುವಂತಿಲ್ಲವೆಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳುತ್ತದೆ. ಆದರೆ ಮೊದಲು ಬಂದವರು ಅಂಚಿನ ಮೇಲೆ ಸೌರಫಲಕ ನೆಟ್ಟು, ಸುರಕ್ಷತೆಯ ಹೆಸರಿನಲ್ಲಿ ಇತರರನ್ನು ದೂರವಿಟ್ಟರೆ ಅದು ಒಡೆತನವಲ್ಲವೇ? ಅಮೆರಿಕದ ನೇತೃತ್ವದ 2020ರ ಆರ್ಟೆಮಿಸ್ ಒಡಂಬಡಿಕೆಗೆ ಭಾರತ 2023ರಲ್ಲಿ ಸಹಿ ಹಾಕಿತು. ಚೀನಾ ಮತ್ತು ರಷ್ಯಾ 2021ರಲ್ಲೇ ತಮ್ಮ ಬೇರೆ ನೆಲೆಯ ಯೋಜನೆಗೆ ಕೈಜೋಡಿಸಿದ್ದವು. ಈ ಎರಡೂ ಬಣಗಳ ಕಣ್ಣು ದಕ್ಷಿಣ ಧ್ರುವದ ಮೇಲೆಯೇ ಇದೆ.

ಸರ್ಕಾರಿ ಸೇವೆಯಲ್ಲಿದ್ದಾಗ ಗೋಮಾಳ, ಕೆರೆಯಂಗಳಗಳ ಎಷ್ಟೋ ಕಡತಗಳನ್ನು ನಾನು ನೋಡಿದ್ದೇನೆ. ಯಾರದ್ದೂ ಅಲ್ಲದ ನೆಲ ಮೊದಲು ಬೇಲಿ ಹಾಕಿದವನದಾಗುತ್ತದೆ. ಅನಂತರ ಅದನ್ನು ತೆರವುಗೊಳಿಸುವುದು ಯಾವ ಅಧಿಕಾರಿಗೂ ಸುಲಭವಲ್ಲ. ಬಳಸುವವರೇ ಕೂಡಿ ನಿಯಮ ರೂಪಿಸಿ ಪಾಲಿಸಿದರೆ ಸಾಮೂಹಿಕ ಸಂಪತ್ತು ಉಳಿಯಬಲ್ಲದೆಂದು ತೋರಿಸಿಕೊಟ್ಟ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ತಾಣಗಳ ಬಳಕೆಗೆ ಕಾಲಮಿತಿ, ಹಿಮದ ಲೆಕ್ಕದ ಬಹಿರಂಗ ದಾಖಲೆ, ತಡವಾಗಿ ಬರುವ ಬಡದೇಶಗಳಿಗೂ ಪ್ರವೇಶ: ಕನಿಷ್ಠ ಈ ಮೂರು ನಿಯಮಗಳಿಗಾಗಿ ಭಾರತ ಪಟ್ಟುಹಿಡಿಯಬೇಕು. ಚಂದ್ರಯಾನ-3ನ್ನು 2023ರ ಆಗಸ್ಟ್ 23ರಂದು ದಕ್ಷಿಣ ಧ್ರುವ ಪ್ರದೇಶದ ಸನಿಹದಲ್ಲಿ ಇಳಿಸಿದ ದೇಶದ ಮಾತಿಗೆ ಈಗ ತೂಕವಿದೆ. ಬೇಲಿ ಎದ್ದ ಮೇಲೆ ಆ ತೂಕ ಉಳಿಯದು.