ಖಾಸಗಿ ವಿಶ್ವವಿದ್ಯಾಲಯದಲ್ಲಿ ಕಾನೂನು ವ್ಯಾಸಂಗ: ಪಾಲಕರು ತಿಳಿದಿರಬೇಕಾದುದು

ಹಗಲು ಹೋಟೆಲು, ಕಚೇರಿಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಪದವಿಯ ಅನಂತರ ಕಾನೂನು ಕಾಲೇಜು ಸೇರಿ ವಕೀಲರಾದವರು ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರಿನಲ್ಲಿ ವಿರಳರೇನಲ್ಲ. ಆ ವ್ಯಾಸಂಗಕ್ಕೆ ತಗಲುತ್ತಿದ್ದ ಶುಲ್ಕ ಅಲ್ಪ. ಸಾಲದ ಮಾತೇ ಏಳುತ್ತಿರಲಿಲ್ಲ. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಐದು ವರ್ಷಗಳ ಸಂಯುಕ್ತ ಪದವಿಗೆ ತನ್ನ ಮೊದಲ ತಂಡವನ್ನು ಸೇರಿಸಿಕೊಂಡ ಮೇಲೆ ಈ ವ್ಯಾಸಂಗದ ಸ್ವರೂಪವೇ ಬದಲಾಯಿತು. ಆದರೆ ಅಂತಹ ಶಾಲೆಗಳಲ್ಲಿ ಸ್ಥಾನಗಳು ಮಿತವಾಗಿವೆ. ಮೇಲಾಗಿ, ಬೆಂಗಳೂರಿನ ಶಾಲೆಯು ಕರ್ನಾಟಕದ ವಿದ್ಯಾರ್ಥಿಗಳಿಗೆಂದು ಕಾದಿರಿಸಿರುವ ಶೇಕಡಾ 25 ಸ್ಥಾನಗಳು ಆ ರಾಜ್ಯದಲ್ಲಿ ಹತ್ತು ವರ್ಷ ಓದಿದವರಿಗೆ ಮಾತ್ರ. ಮನೆಮಾತು ಕನ್ನಡವಾಗಿದ್ದರೂ ಡೊಂಬಿವಲಿಯಲ್ಲಿ ಓದಿ ಬೆಳೆದ ಮಗುವಿಗೆ ಅವು ದೊರಕಲಾರವು. ಆದುದರಿಂದ ಪಾಲಕರ ದೃಷ್ಟಿ ಪುಣೆಯ ಸಿಂಬಯಾಸಿಸ್, ಸೋನಿಪತ್ತಿನ ಜಿಂದಲ್ ಮೊದಲಾದ ಖಾಸಗಿ ಸಂಸ್ಥೆಗಳತ್ತ ಹೊರಳುವುದು ಸಹಜ.

ಇಂತಹ ಸಂಸ್ಥೆಗಳಲ್ಲಿ ಕೆಲವು ರಾಜ್ಯ ಶಾಸನಸಭೆಯ ಕಾಯಿದೆಯಿಂದ ಹುಟ್ಟಿದವು. ಕೆಲವು 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆಯ 3ನೆಯ ಕಲಮಿನಂತೆ ವಿಶ್ವವಿದ್ಯಾಲಯವೆಂದು ಪರಿಗಣಿಸಲ್ಪಟ್ಟವು. ಕಾನೂನು ಪದವಿಗೆ ಇಷ್ಟು ಸಾಲದು. 1961ರ ವಕೀಲರ ಕಾಯಿದೆಯಂತೆ ಭಾರತೀಯ ವಕೀಲರ ಪರಿಷತ್ತಿನ ಮನ್ನಣೆಯೂ ಬೇಕು. ಅದಿಲ್ಲದ ಪದವಿ ವಕೀಲಿಗೆ ಉಪಯೋಗವಿಲ್ಲ. ಈ ಮನ್ನಣೆ ಶಾಶ್ವತವಾದುದಲ್ಲ, ಅವಧಿಗೆ ಒಳಪಟ್ಟದ್ದು. ಪರಿಚಯ ಪುಸ್ತಿಕೆಯಲ್ಲಿನ ಅಣಕು ನ್ಯಾಯಾಲಯದ ಅಂದವಾದ ಚಿತ್ರಕ್ಕಿಂತ ಮನ್ನಣೆಯ ಪತ್ರವನ್ನೂ ಅದರ ದಿನಾಂಕವನ್ನೂ ನೋಡುವುದು ಮೇಲು. ಛತ್ತೀಸಗಢದಲ್ಲಿ 2002ರ ಒಂದು ಕಾಯಿದೆಯಡಿ ನೂರಕ್ಕೂ ಮಿಕ್ಕಿ ಖಾಸಗಿ ವಿಶ್ವವಿದ್ಯಾಲಯಗಳು ತಲೆಯೆತ್ತಿದ್ದವು. ಪ್ರೊಫೆಸರ್ ಯಶಪಾಲರು ಹೂಡಿದ ಮೊಕದ್ದಮೆಯಲ್ಲಿ 2005ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅವುಗಳಿಗೆ ಆಧಾರವಾಗಿದ್ದ ಕಲಮುಗಳನ್ನೇ ರದ್ದುಗೊಳಿಸಿತು. ಶುಲ್ಕ ತೆತ್ತು ಸೇರಿದ್ದವರ ಆತಂಕವನ್ನು ಯಾರಾದರೂ ಊಹಿಸಬಹುದು.

ಅಂಚೆ ಮೂಲಕ ಪಡೆದ ಕಾನೂನು ಪದವಿಯಿಂದ ವಕೀಲರಾಗುವಂತಿಲ್ಲ. ಪ್ರತಿ ವಿಷಯದಲ್ಲಿ ಶೇಕಡಾ 70ರಷ್ಟು ಹಾಜರಿ ಅಗತ್ಯ. ಪದವಿಯ ಅನಂತರ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕು.

ಇನ್ನು ಹಣದ ವಿಚಾರ. ನಿಜವಾದ ತೊಡಕು ಇರುವುದು ಇಲ್ಲಿಯೇ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ಏಳೂವರೆ ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಆಸ್ತಿಯ ಭದ್ರತೆ ಬೇಕಾಗುತ್ತದೆ. 2024ರ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಇದಕ್ಕೆ ವಿನಾಯಿತಿಯುಂಟು. ಆದರೆ ಅದು ಗುಣಮಟ್ಟದ ಪಟ್ಟಿಯಲ್ಲಿ ಸೇರಿದ ಸಂಸ್ಥೆಗಳಿಗೆ ಮಾತ್ರ. ಉಳಿದವರ ಪಾಲಿಗೆ, ಇಪ್ಪತ್ತು ವರ್ಷ ಕಂತು ಕಟ್ಟಿ ಆಗತಾನೆ ಋಣಮುಕ್ತವಾದ ಮನೆಯ ಪತ್ರಗಳು ಮತ್ತೆ ಬ್ಯಾಂಕಿಗೆ ಹೋಗುತ್ತವೆ.

ವರ್ಷಕ್ಕೆ 4 ಲಕ್ಷದಂತೆ ಐದು ವರ್ಷ ಸಾಲ ಪಡೆದರೆ ಅಸಲು 20 ಲಕ್ಷ. ಓದಿನ ಕಾಲದಲ್ಲಿಯೂ ಅನಂತರದ ಒಂದು ವರ್ಷದಲ್ಲಿಯೂ ಕಂತು ಇಲ್ಲದಿದ್ದರೂ ಬಡ್ಡಿ ನಿಲ್ಲುವುದಿಲ್ಲ. ಶೇಕಡಾ 10ರ ದರದಲ್ಲಿ ಸರಳ ಬಡ್ಡಿಯೇ 8 ಲಕ್ಷವಾಗುತ್ತದೆ. ಒಟ್ಟು 28 ಲಕ್ಷವನ್ನು ಅದೇ ದರದಲ್ಲಿ ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 37,000 ರೂಪಾಯಿ ಬೇಕು. ಹಿರಿಯ ವಕೀಲರ ಬಳಿ ದುಡಿಯುವ ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದು ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿತು. ಅದು ಶಿಫಾರಸು ಮಾತ್ರ, ಕಟ್ಟುಪಾಡಲ್ಲ. ಆ ಮೊತ್ತ ಪೂರ್ತಿ ಕೈಗೆ ಬಂದರೂ ಕಂತಿಗೆ ಸಾಲದು. ದೊಡ್ಡ ಕಾನೂನು ಸಂಸ್ಥೆಗಳಲ್ಲಿ, ಕಂಪನಿಗಳಲ್ಲಿ ಕೆಲಸ ದೊರೆತವರ ಸ್ಥಿತಿ ಬೇರೆ. ಆದರೆ ಅಂತಹ ಕೆಲಸ ತರಗತಿಯ ಎಲ್ಲರಿಗೂ ಸಿಗುವುದಿಲ್ಲ. ಮಗ ಅಥವಾ ಮಗಳು ನ್ಯಾಯಾಲಯದಲ್ಲಿ ವಾದಿಸುವ ಹಂಬಲವುಳ್ಳವರಾದರೆ ಮೊದಲ ಕೆಲವು ವರ್ಷಗಳ ಕಂತು ತಂದೆಯ ನಿವೃತ್ತಿ ವೇತನದ ಮೇಲೆ ಬೀಳುವುದೆಂದೇ ಎಣಿಸಬೇಕು. ಈ ಮಾತು ಪ್ರವೇಶಕ್ಕೆ ಮೊದಲೇ ಮನೆಯಲ್ಲಿ ಆಗಲಿ. ಮಕ್ಕಳಿಂದ ಮರೆಮಾಚುವಂತಹುದು ಇದರಲ್ಲಿ ಏನೂ ಇಲ್ಲ.

ಅದೇ ನಗರದಲ್ಲಿ ಕಡಿಮೆ ಶುಲ್ಕದ ಹಳೆಯ ಕಾಲೇಜುಗಳೂ ಇವೆ. ಮುಂಬಯಿಯ ಸರಕಾರಿ ಕಾನೂನು ಕಾಲೇಜು 1855ರದು, ಪುಣೆಯ ಐ.ಎಲ್.ಎಸ್. ಕಾಲೇಜು 1924ರದು. ಇವುಗಳಿಗೆ ಮಹಾರಾಷ್ಟ್ರದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಖಾಸಗಿ ಸಂಸ್ಥೆಯ ಅರ್ಜಿಯೊಡನೆ ಇದನ್ನೂ ತುಂಬಿಸಿದರೆ ಆಯ್ಕೆಗೆ ಅವಕಾಶ ಉಳಿಯುತ್ತದೆ.

ಸಾಲವೇ ಅನಿವಾರ್ಯವಾದರೆ ಓದಿನ ಅವಧಿಯಲ್ಲಿಯೇ ಬಡ್ಡಿಯನ್ನು ತಿಂಗಳು ತಿಂಗಳು ತುಂಬುತ್ತ ಹೋಗುವುದು ಲೇಸು. ಮೇಲಿನ ಉದಾಹರಣೆಯಲ್ಲಿ ಮೊದಲ ವರ್ಷ ತಿಂಗಳಿಗೆ ಸುಮಾರು 3,300 ರೂಪಾಯಿ, ಐದನೆಯ ವರ್ಷದಲ್ಲಿ ಸುಮಾರು 16,700 ರೂಪಾಯಿ ಬೀಳುತ್ತದೆ. ಆಗ ಅಸಲು 20 ಲಕ್ಷದಲ್ಲಿಯೇ ನಿಂತು, ಮುಂದಿನ ಕಂತು ಸುಮಾರು 26,400ಕ್ಕೆ ಇಳಿಯುತ್ತದೆ.