ಚಪ್ಪರದ ಮುಂದಿನ ವಾಲಗ

ಹಳ್ಳಿಯ ಮದುವೆಯ ಸುದ್ದಿಯನ್ನು ಮೊದಲು ಹಿಡಿಯುವುದು ಕಿವಿ. ಚಪ್ಪರದ ತೆಂಗಿನ ಗರಿ, ಬಾಗಿಲಿನ ಬಾಳೆಕಂಬ, ಮಾವಿನ ತೋರಣ ಇವೆಲ್ಲ ಕೇರಿಯ ತಿರುವನ್ನು ದಾಟಿದ ಮೇಲೆ ಕಾಣತಕ್ಕವು. ವಾಲಗವಾದರೋ ಗದ್ದೆಯ ಬಯಲನ್ನೂ ಕೆರೆಯ ಏರಿಯನ್ನೂ ಹಾಯ್ದು, ಆಚೆಯ ಊರಿನ ಜಗಲಿಯ ಮೇಲೆ ಕುಳಿತ ಮುದುಕನಿಗೂ ‘ಇಂದು ಅಲ್ಲಿ ಶುಭಕಾರ್ಯ’ ಎಂದು ತಿಳಿಸಿಬಿಡುತ್ತದೆ. ಅದಕ್ಕೆ ತಂತಿಯ ನೆರವಿಲ್ಲ, ವಿದ್ಯುತ್ತಿನ ಹಂಗಿಲ್ಲ. ಒಂದು ಮರದ ಕೊಳವೆ, ಒಂದು ಚರ್ಮವಾದ್ಯ, ಮೂರು ನಾಲ್ಕು ಮಂದಿಯ ಉಸಿರು ಮತ್ತು ತೋಳಿನ ಬಲ. ಇಷ್ಟರಿಂದಲೇ ಇಡೀ ಊರು ಹಬ್ಬದ ಊರಾಗುತ್ತದೆ.

ಈ ವಾದ್ಯಮೇಳದ ಹೆಸರೇ ರಾಜಗಾಂಭೀರ್ಯದ್ದು. ‘ಓಲಗ’ವೆಂದರೆ ಹಳಗನ್ನಡದಲ್ಲಿ ಅರಸನ ಸಭೆ, ಸೇವೆಯೆಂಬ ಅರ್ಥವೂ ಅದಕ್ಕುಂಟು. ಯಕ್ಷಗಾನದ ‘ಒಡ್ಡೋಲಗ’ದಲ್ಲಿ ಆ ಹಳೆಯ ಅರ್ಥ ಇಂದಿಗೂ ಬಾಳುತ್ತಿದೆ. ಆಡುಮಾತಿನಲ್ಲಿ ವಾಲಗವಾಗಿ ಮದುವೆಯ ಮನೆಗೆ ಬಂದು ನಿಂತಾಗಲೂ ಅದು ಎರಡರ್ಥಗಳನ್ನೂ ಬಿಟ್ಟುಕೊಟ್ಟಿಲ್ಲ. ಹಸೆಯ ಮೇಲೆ ಕುಳಿತ ವಧೂವರರು ಅಂದಿನ ಮಟ್ಟಿಗೆ ರಾಜದಂಪತಿಗಳು. ಅವರಿಗೆ ನಾದದಿಂದ ಸೇವೆ ಸಲ್ಲಿಸುವವರು ವಾಲಗದವರು. ಸಭೆಯನ್ನು ಸಭೆಯನ್ನಾಗಿ ಮಾಡುವ ಈ ಸೇವಕರಿಗೆ ಆ ಸಭೆಯಲ್ಲಿ ದೊರೆತ ಆಸನ ಯಾವುದು ಎಂಬುದು ಮಾತ್ರ ಯೋಚಿಸಬೇಕಾದ ವಿಷಯ.

ಮರ, ಜೊಂಡು, ಉಸಿರು

ವಾಲಗದ ನಾಯಕ ನಾಗಸ್ವರ. ಸುಮಾರು ಎರಡೂವರೆ ಅಡಿ ಉದ್ದದ, ಮೇಲಿನಿಂದ ಕೆಳಕ್ಕೆ ಅಗಲವಾಗುತ್ತ ಹೋಗುವ ಮರದ ನಳಿಗೆ. ತುದಿಯಲ್ಲಿ ಉಮ್ಮತ್ತದ ಹೂವಿನಂತೆ ಅರಳಿದ ಬಾಯಿ. ತಮಿಳುನಾಡಿನ ಕುಂಭಕೋಣದ ಬಳಿಯ ನರಸಿಂಗಂಪೇಟ್ಟೈ ಈ ವಾದ್ಯದ ತಯಾರಿಕೆಗೆ ಹೆಸರಾದ ಊರು. ೨೦೨೨ರಲ್ಲಿ ಅಲ್ಲಿಯ ನಾಗಸ್ವರಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಅಲ್ಲಿಯ ಕುಶಲಕರ್ಮಿಗಳು ಬಳಸುವುದು ಆಚ್ಚಾ ಎಂಬ ಮರವನ್ನು. ಅದೂ ಹೊಸದಾಗಿ ಕಡಿದ ಮರವಾದರೆ ಒಗ್ಗದು. ಹಳೆಯ ಮನೆಗಳನ್ನು ಕೆಡವಿದಾಗ ದೊರೆಯುವ, ಹತ್ತಾರು ವರ್ಷ ಬಿಸಿಲು ಮಳೆಗಳಿಗೆ ಹದಗೊಂಡ ತೊಲೆ ಕಂಬಗಳನ್ನೇ ಅವರು ಹುಡುಕುತ್ತಾರೆ. ಒಂದು ಮನೆ ಮುಗಿದಲ್ಲಿ ಅದರ ತೊಲೆ ನೂರಾರು ಹೊಸ ಸಂಸಾರಗಳಿಗೆ ಮಂಗಳ ಹಾಡುವ ವಾದ್ಯವಾಗುತ್ತದೆ.

ನಳಿಗೆಯ ಮೈಮೇಲೆ ಬೆರಳಾಡಿಸಲು ಏಳು ರಂಧ್ರಗಳು. ಕೆಳಗೆ ಶ್ರುತಿಯನ್ನು ಸರಿಪಡಿಸಿಕೊಳ್ಳಲು ಇನ್ನೂ ಐದು. ಬೇಕಾದವನ್ನು ಮೇಣದಿಂದ ಮುಚ್ಚಿ ಶ್ರುತಿಯನ್ನು ಹೊಂದಿಸಿಕೊಳ್ಳುತ್ತಾರೆ. ಹಾರ್ಮೋನಿಯಮ್ಮಿನಲ್ಲಿರುವಂತೆ ಒತ್ತಿದೊಡನೆ ಸ್ವರ ಕೊಡುವ ಮನೆಗಳು ಇಲ್ಲಿಲ್ಲ. ಬೆರಳನ್ನು ಅರ್ಧ ಸರಿಸಿ, ಕಾಲು ಸರಿಸಿ, ಉಸಿರಿನ ಒತ್ತಡವನ್ನು ಏರಿಸಿ ಇಳಿಸಿ ವಾದಕನೇ ಸ್ವರವನ್ನು ಹುಟ್ಟಿಸಬೇಕು. ವಾದ್ಯಕ್ಕೆ ಜೀವ ಕೊಡುವುದು ತುದಿಯಲ್ಲಿ ಸಿಕ್ಕಿಸಿದ ಜೊಂಡಿನ ಪುಟ್ಟ ಪೀಪಿ. ಬಲ್ಲವರು ಇದನ್ನು ಸೀವಾಳಿ ಎನ್ನುತ್ತಾರೆ. ನಾಗಸ್ವರದ ಕೊರಳಿನಿಂದ ದಾರಕ್ಕೆ ಪೋಣಿಸಿದ ನಾಲ್ಕಾರು ಸೀವಾಳಿಗಳು ತೂಗುತ್ತಿರುವುದನ್ನು ಅನೇಕರು ಅಲಂಕಾರವೆಂದು ತಿಳಿಯುತ್ತಾರೆ. ಅವು ಅಲಂಕಾರವಲ್ಲ, ಆಪತ್ತಿಗಿರುವ ನೆಂಟರು. ಮುಂಜಾವದ ಮಂಜಿಗೆ ಒಂದು ಮೆತ್ತಗಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಇನ್ನೊಂದು ಸೆಟೆಯುತ್ತದೆ. ಬಯಲಿನಲ್ಲಿ ನುಡಿಸುವವನು ಹವೆಯೊಡನೆ ಇಡೀ ದಿನ ಸಂಧಾನ ನಡೆಸುತ್ತಿರಬೇಕು.

ನಾಗಸ್ವರಕ್ಕೆ ಸರಿಜೋಡಿ ಡೋಲು. ಹಲಸಿನ ಮರದ ಮೈ. ಎಡಗಡೆಗೆ ಕೋಲಿನ ಪೆಟ್ಟು, ಬಲಗಡೆಗೆ ಬೆರಳಿನ ನುಡಿ. ಬರಿಯ ಬೆರಳು ಇಷ್ಟು ಬಿಗಿದ ಚರ್ಮವನ್ನು ಎದುರಿಸಲಾರದೆಂದು, ಅಂಟಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ ಒಣಗಿಸಿ ಮಾಡಿದ ಗಟ್ಟಿ ಟೋಪಿಗಳನ್ನು ಬೆರಳುಗಳಿಗೆ ತೊಡಿಸಿರುತ್ತಾರೆ. ಹಿಂದೆ ಇವರ ಪಕ್ಕದಲ್ಲಿ ಶ್ರುತಿಗೆಂದೇ ಒಬ್ಬನಿರುತ್ತಿದ್ದ. ಬೆರಳ ರಂಧ್ರಗಳಿಲ್ಲದ ‘ಒತ್ತು’ ಎಂಬ ಕೊಳವೆಯಲ್ಲಿ ಒಂದೇ ಸ್ವರವನ್ನು ಕೆನ್ನೆಯುಬ್ಬಿಸಿ, ಮೂಗಿನಿಂದ ಉಸಿರೆಳೆದುಕೊಳ್ಳುತ್ತಲೇ ಕಡಿಯದಂತೆ ಊದುವುದು ಅವನ ಕೆಲಸ. ಹೊಸದಾಗಿ ಕಲಿಯುವ ಹುಡುಗರಿಗೆ ಅದೇ ಮೊದಲ ಪಾಠಶಾಲೆ. ಆ ಕೆಲಸವನ್ನು ಶ್ರುತಿಪೆಟ್ಟಿಗೆ ವಹಿಸಿಕೊಂಡಿತು. ಈಗ ಅಂಗೈಯಗಲದ ವಿದ್ಯುತ್ ಯಂತ್ರವೇ ಸಾಕು. ಕೂಲಿಯೇನೋ ಉಳಿಯಿತು. ಆದರೆ ಮೇಳದ ಪಕ್ಕದಲ್ಲಿ ಕುಳಿತು, ಕೇಳಿ ಕೇಳಿಯೇ ಕಲಿಯುತ್ತಿದ್ದ ಹುಡುಗನ ಮಣೆಯೂ ಅದರೊಂದಿಗೆ ಹೋಯಿತು.

ಮದುವೆಯ ಗಡಿಯಾರ

ಸಭೆಯಲ್ಲಿ ಕಛೇರಿ ಮಾಡುವ ವಿದ್ವಾಂಸನಿಗೆ ಒಂದು ಸೌಕರ್ಯವುಂಟು: ಕೇಳುವವರು ಕೇಳಲೆಂದೇ ಬಂದವರು. ಮದುವೆಯ ವಾದಕನಿಗೆ ಆ ಭಾಗ್ಯವಿಲ್ಲ. ಅಡಿಗೆಯವನ ಕೂಗು, ಮಕ್ಕಳ ಅಳು, ಬೀಗರ ಮುನಿಸು, ಹಳೆಯ ನೆಂಟರ ಹೊಸ ಮಾತು ಇವುಗಳ ನಡುವೆ ಅವನ ಆಲಾಪನೆ ಸಾಗಬೇಕು. ಚಪ್ಪಾಳೆ ತಟ್ಟುವವರಿಲ್ಲ, ತಲೆದೂಗುವವರು ಒಬ್ಬಿಬ್ಬರು. ಆದರೂ ಅವನು ಕ್ಷಣಕಾಲ ನಿಲ್ಲಿಸಿದರೆ ಎಲ್ಲರೂ ತಿರುಗಿ ನೋಡುತ್ತಾರೆ.

ಏಕೆಂದರೆ ವಾಲಗವು ಮದುವೆಯ ಗಡಿಯಾರ. ಅರಿಶಿನ ಕುಟ್ಟುವಾಗ, ಎಣ್ಣೆಶಾಸ್ತ್ರದಲ್ಲಿ, ಕುಂಬಾರರ ಮನೆಯಿಂದ ಐರಾಣಿಯ ಗಡಿಗೆಗಳನ್ನು ತರುವಾಗ, ಗಂಡಿನ ದಿಬ್ಬಣವನ್ನು ಊರಬಾಗಿಲಿನಲ್ಲಿ ಇದಿರುಗೊಳ್ಳುವಾಗ, ಹೀಗೆ ಶಾಸ್ತ್ರ ಶಾಸ್ತ್ರಕ್ಕೂ ವಾದ್ಯ ಮುಂದಾಗಿ ನಡೆಯುತ್ತದೆ. ಯಾವ ಹೊತ್ತಿಗೆ ಯಾವ ರಾಗವೆಂಬುದಕ್ಕೂ ಒಂದು ಸಂಪ್ರದಾಯವಿದೆ. ಆರಂಭಕ್ಕೆ ನಾಟ, ಬೆಳಗಿನ ಹೊತ್ತಿಗೆ ಭೂಪಾಳ, ಬಿಲಹರಿ, ಮದುವೆಯ ಕಳೆಗೆ ಹೇಳಿಮಾಡಿಸಿದಂಥ ಆನಂದಭೈರವಿ, ಉಯ್ಯಾಲೆಗೆ ನೀಲಾಂಬರಿ, ಎಲ್ಲಕ್ಕೂ ಮಂಗಳವಾಗಿ ಮಧ್ಯಮಾವತಿ. ಶೋಕರಸಕ್ಕೆಂದು ಹೆಸರಾದ ಮುಖಾರಿಯನ್ನು ಚಪ್ಪರದೊಳಗೆ ತರಲು ಹಿಂಜರಿಯುವವರೂ ಉಂಟು. ಅಡಿಗೆಯ ಮನೆಯಲ್ಲಿರುವ ಅಜ್ಜಿ ರಾಗದ ಹೆಸರನ್ನು ಅರಿಯಳು. ಆದರೆ ವಾದ್ಯ ಬದಲಾದುದನ್ನು ಕೇಳಿಯೇ ‘ಧಾರೆಗೆ ಹೊತ್ತಾಯಿತು, ಏಳಿರೇ’ ಎಂದು ಸೆರಗು ಸರಿಪಡಿಸಿಕೊಳ್ಳುವಳು.

ಇವೆಲ್ಲಕ್ಕೂ ಶಿಖರವೆಂದರೆ ಗಟ್ಟಿಮೇಳ. ಮಾಂಗಲ್ಯಧಾರಣೆಯ ಕ್ಷಣ ಸಮೀಪಿಸುತ್ತಿದ್ದಂತೆ ವಾದಕನ ಕಣ್ಣು ಪುರೋಹಿತರ ಕೈಯನ್ನು ಬಿಟ್ಟು ಕದಲುವುದಿಲ್ಲ. ಸುತ್ತ ಜನ ಎದ್ದು ನಿಂತು ಮಂಟಪವನ್ನೇ ಮರೆಮಾಡಿರುತ್ತಾರೆ. ಆ ಸಂದಿಯಲ್ಲಿ ಒಂದು ಕೈ ಮೇಲೆದ್ದು ‘ಗಟ್ಟಿಮೇಳ, ಗಟ್ಟಿಮೇಳ’ ಎಂಬ ಕೂಗು ಬಿದ್ದೊಡನೆ, ನುಡಿಸುತ್ತಿದ್ದ ಕೃತಿ ಎಲ್ಲಿದ್ದರೂ ಅಲ್ಲಿಗೇ ಬಿಟ್ಟು ನಾಗಸ್ವರ ತಾರಸ್ಥಾಯಿಗೆ ಹಾರುತ್ತದೆ, ಡೋಲು ಗುಡುಗುತ್ತದೆ. ಸೀನು, ಅಳು, ಒಡಕು ಮಾತು ಮೊದಲಾದ ಅಪಶಕುನದ ಸದ್ದು ಯಾವುದೂ ಆ ಗಳಿಗೆಯಲ್ಲಿ ವಧೂವರರ ಕಿವಿಗೆ ಬೀಳಬಾರದೆಂಬುದು ಹಿರಿಯರ ನಂಬಿಕೆ. ನಂಬಿಕೆಯನ್ನು ಬದಿಗಿಟ್ಟು ನೋಡಿದರೂ ಅದರಲ್ಲಿ ಒಂದು ಮರ್ಮವಿದೆ. ಚದುರಿಹೋಗಿದ್ದ ನೂರಾರು ಮನಸ್ಸುಗಳನ್ನು ಆ ನಾದ ಒಂದೇ ಏಟಿಗೆ ಒಂದೆಡೆಗೆ ಸೆಳೆಯುತ್ತದೆ. ಗದ್ದಲದಲ್ಲಿ ತಾಳಿ ಕಟ್ಟುವುದನ್ನೇ ಮರೆತರೆಂಬ ಗಾದೆಯಿದೆಯಷ್ಟೆ. ವಾಲಗದವನು ಎಚ್ಚರವಾಗಿರುವಲ್ಲಿ ಆ ಗಾದೆ ನಿಜವಾಗಲಾರದು.

ಒಳಮನೆಯ ಹಾಡು

ಹೊರಗೆ ವಾಲಗವಾದರೆ ಒಳಗೆ ಸೋಬಾನೆ. ಇದಕ್ಕೆ ವಾದ್ಯವೂ ಬೇಡ, ವೀಳ್ಯ ಕೊಟ್ಟು ಕರೆಯುವುದೂ ಬೇಡ. ಬಲ್ಲ ಹೆಂಗಸರಿಬ್ಬರು ಸೊಲ್ಲೆತ್ತಿದರೆ ಉಳಿದವರು ಅದನ್ನೇ ಹಿಂದಿರುಗಿ ಹಾಡುವರು. ಬೀಸುವ ಕಲ್ಲಿನ ಮುಂದೆ, ಹಸೆಯ ಬಳಿ, ಆರತಿಯ ತಟ್ಟೆಯ ಸುತ್ತ, ಒಂದೊಂದು ಶಾಸ್ತ್ರಕ್ಕೂ ಒಂದೊಂದು ಹಾಡು. ಬೀಗರನ್ನು ಗೇಲಿ ಮಾಡಲು ಬೇರೆ ಹಾಡು. ಹೆಣ್ಣೊಪ್ಪಿಸುವಾಗ ಕಣ್ಣೊರಸಿಕೊಳ್ಳುತ್ತ ಹಾಡಲು ಬೇರೆ ಹಾಡು. ಮಾಧ್ವರ ಮನೆಗಳಲ್ಲಿ ವಾದಿರಾಜರ ಲಕ್ಷ್ಮೀಶೋಭಾನೆಯನ್ನು ಹಾಡದೆ ಮದುವೆ ಪೂರ್ಣವಾಗದು. ಉತ್ತರ ಕರ್ನಾಟಕದ ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ, ಓದುಬರಹವಿಲ್ಲದ ಹೆಣ್ಣುಮಕ್ಕಳ ಬಾಯಲ್ಲಿ ಎಂಥ ಕಾವ್ಯವಿದೆಯೆಂಬುದು ಕನ್ನಡದ ವಿದ್ವಾಂಸರ ಕಣ್ಣಿಗೆ ಬಿತ್ತು.

ಸೋಬಾನೆಗೂ ವಾಲಗಕ್ಕೂ ಬಾಯಿಮಾತಿನಲ್ಲಿ ಆಗದ ಒಂದು ಒಪ್ಪಂದವಿತ್ತು. ಹೆಂಗಸರು ಹಾಡತೊಡಗಿದಾಗ ನಾಗಸ್ವರದವನು ಕೊಳವೆಯನ್ನು ಇಳಿಸಿ ಎಲೆಯಡಿಕೆ ಹಾಕಿಕೊಳ್ಳುವನು. ಹಾಡು ಮುಗಿದೊಡನೆ ಡೋಲಿನವನು ಒಂದು ಉರುಳಿಕೆ ನುಡಿಸಿ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತುವನು. ಒಬ್ಬರ ನಾದಕ್ಕೆ ಇನ್ನೊಬ್ಬರು ಎಡೆಮಾಡಿಕೊಡುವ ಈ ಸೌಜನ್ಯವೇ ಹಳ್ಳಿಯ ಮದುವೆಯ ನಿಜವಾದ ಸಂಗೀತವೆಂದರೂ ಸಲ್ಲುತ್ತದೆ.

ಹೊರಜಗಲಿಯ ಕಲಾವಿದರು

ಇನ್ನು ಆಸನದ ಮಾತು. ಹಳೆಯ ಮೈಸೂರು ಸೀಮೆಯಲ್ಲಿ ನಾಗಸ್ವರ ಡೋಲುಗಳ ವಿದ್ಯೆಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು ಬಹುಮಟ್ಟಿಗೆ ಕ್ಷೌರಿಕ ವೃತ್ತಿಯ ಮನೆತನದವರು. ಇಂದು ಸವಿತಾ ಸಮಾಜವೆಂದು ಕರೆಯಿಸಿಕೊಳ್ಳುವವರು. ಅವರು ಊದಿದರೆ ಮಂಗಳವಾದ್ಯ; ಅವರೇ ಬೆಳಗ್ಗೆ ಎದುರಿಗೆ ಬಂದರೆ ಅಪಶಕುನವೆಂದು ಮುಖ ತಿರುಗಿಸಿಕೊಂಡ ಸಮಾಜ ಇದು. ಮಾಂಗಲ್ಯಕ್ಕೆ ನಾದದ ರಕ್ಷೆ ಕಟ್ಟಿದವನು ಹೊರಜಗಲಿಯ ಮೂಲೆಯಲ್ಲಿ ಕುಳಿತು, ಎಲ್ಲರ ಪಂಕ್ತಿ ಎದ್ದ ಮೇಲೆ ಉಣ್ಣಬೇಕಾಗಿತ್ತು. ಮೆರವಣಿಗೆಯ ಮುಂದೆ ಹುಲ್ಲಿನ ಬೆಂಕಿಗೆ ಕಾಯಿಸಿದ ತಮಟೆಯನ್ನು ಬಡಿಯುತ್ತ ಕುಣಿದ ದಲಿತ ಕಲಾವಿದನ ಪಾಡು ಇದಕ್ಕಿಂತ ಕಠಿನ. ದಿಬ್ಬಣವನ್ನು ಚಪ್ಪರದ ಬಾಗಿಲಿಗೆ ಮುಟ್ಟಿಸುವವನು ಅವನು. ಆ ಬಾಗಿಲನ್ನು ದಾಟುವ ಅಧಿಕಾರ ಅವನಿಗಿರಲಿಲ್ಲ. ತಮಟೆಯ ಸದ್ದಿಗಿಲ್ಲದ ಮೈಲಿಗೆ ತಮಟೆ ಹಿಡಿದ ಕೈಗೆ ಹೇಗೆ ಬಂದಿತೆಂದು ಕೇಳಿದವರು ವಿರಳ.

ಸಂಪಾದನೆಯೂ ಏರಿಳಿತದ್ದೇ. ಆಷಾಢದಲ್ಲಿ ಮದುವೆಯಿಲ್ಲ, ಧನುರ್ಮಾಸದಲ್ಲಿ ಇಲ್ಲ. ವೈಶಾಖ ಜ್ಯೇಷ್ಠಗಳಲ್ಲಿ ಒಂದೇ ದಿನಕ್ಕೆ ನಾಲ್ಕು ಕಡೆಯಿಂದ ಕರೆ. ಆ ಕೆಲವು ವಾರಗಳ ಗಳಿಕೆಯಲ್ಲಿ ವರ್ಷವನ್ನು ತಳ್ಳಬೇಕು. ಉಳಿದ ದಿನಗಳಿಗೆ ಕತ್ತರಿಯೋ ಹೊಲವೋ ದೇವಸ್ಥಾನದ ಸೇವೆಯೋ ಆಧಾರ. ೧೯೭೭ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜಕುಮಾರ್ ಇಂಥದೇ ಒಬ್ಬ ಹಳ್ಳಿಯ ವಾದಕನಾಗಿ ಅಭಿನಯಿಸಿದರು. ಅವರ ತುಟಿಯ ವಾದ್ಯಕ್ಕೆ ನಾದ ತುಂಬಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ೨೦೦೧ರಲ್ಲಿ ಆ ಉಸ್ತಾದರಿಗೆ ಭಾರತರತ್ನ ಸಂದಿತು. ಒಂದು ವಾದ್ಯಕ್ಕೆ ದೇಶ ಕೊಡಬಹುದಾದ ಅತ್ಯುನ್ನತ ಗೌರವ ಅದು. ಆ ಗೌರವದ ಒಂದು ಹನಿಯಾದರೂ ಹಳ್ಳಿಯ ಜಗಲಿಗೆ ಇಳಿದು ಬರಬೇಕಾಗಿದೆ.

ಧ್ವನಿವರ್ಧಕ ಬಂದ ಮೇಲೆ

ಐದು ದಿನದ ಮದುವೆ ಒಂದೂವರೆ ದಿನಕ್ಕೆ ಇಳಿಯಿತು. ಮನೆಯಂಗಳದ ಚಪ್ಪರ ಪೇಟೆಯ ಕಲ್ಯಾಣಮಂಟಪವಾಯಿತು. ತೆಂಗಿನ ಮರಕ್ಕೆ ಕಟ್ಟಿದ ಧ್ವನಿವರ್ಧಕದಿಂದ ಚಿತ್ರಗೀತೆಗಳು ಹೊಮ್ಮಿದವು. ಅನಂತರ ಬ್ಯಾಂಡ್‌ಸೆಟ್ಟು, ಈಗ ಎದೆ ನಡುಗಿಸುವ ಡಿ.ಜೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸುವ ನಿಯಮಗಳು ೨೦೦೦ದಲ್ಲಿ ಬಂದವು. ಆದರೆ ನಿಯಮವು ಸದ್ದನ್ನು ತಡೆಯಬಲ್ಲುದೇ ಹೊರತು ಕೇಳುವ ಅಭ್ಯಾಸವನ್ನು ಕಲಿಸಲಾರದು. ಯಂತ್ರಕ್ಕೆ ಎದುರಿನವರ ಹಾಡಿಗೆ ಎಡೆಬಿಡುವುದು ತಿಳಿಯದು. ಅದರ ಮುಂದೆ ಸೋಬಾನೆಯ ದನಿ ಗಂಟಲಲ್ಲೇ ಉಳಿಯಿತು. ಬಯಲನ್ನು ತುಂಬಲೆಂದೇ ಹುಟ್ಟಿದ ನಾಗಸ್ವರದ ಬಾಯಿಗೂ ಮೈಕನ್ನು ಒಡ್ಡಿದ ಮೇಲೆ, ಕಿವಿಗೆ ಇಂಪಾಗಿದ್ದುದು ಕಿವಿ ಮುಚ್ಚಿಕೊಳ್ಳುವಂತಾಯಿತು.

ಆದರೂ ವಾಲಗ ಅಳಿದಿಲ್ಲ. ಕೊಡಗಿನಲ್ಲಿ ಇಂದಿಗೂ ಮದುವೆಗೆ ಬಂದವರು ಹಿರಿಯ ಕಿರಿಯರೆನ್ನದೆ ವಾಲಗದ ಲಯಕ್ಕೆ ಕುಣಿಯುತ್ತಾರೆ. ಬಡಗಣ ಸೀಮೆಯ ಮೆರವಣಿಗೆಗಳಲ್ಲಿ ಸನಾದಿ, ಕರಡಿಮಜಲುಗಳು ಮೊಳಗುತ್ತವೆ. ಎಲ್ಲ ಬದಲಾದರೂ ತಾಳಿ ಕಟ್ಟುವ ಗಳಿಗೆಗೆ ಗಟ್ಟಿಮೇಳವೇ ಬೇಕೆಂಬ ಹಟವನ್ನು ಮಂದಿ ಬಿಟ್ಟಿಲ್ಲ. ಆ ಹಟವಿರುವವರೆಗೆ ವಾದಕನಿಗೆ ಕರೆ ತಪ್ಪದು. ತಪ್ಪಬೇಕಾದುದು ಹಳೆಯ ತಾರತಮ್ಯ.

ಮದುವೆ ಮಾಡುವ ಗೃಹಸ್ಥನಿಗೆ ಇದು ಭಾರವಾದ ಕೆಲಸವೇನಲ್ಲ. ಮಂಟಪ ಕಣ್ಣಿಗೆ ಕಾಣುವಂಥ ಒಳ್ಳೆಯ ಜಾಗದಲ್ಲಿ ಜಮಖಾನ ಹಾಸಿ ವಾಲಗದವರನ್ನು ಕೂಡಿಸುವುದು. ಧಾರೆಗೆ ಮುಂಚೆ ಅರ್ಧ ಗಂಟೆಯಾದರೂ ಯಂತ್ರಗಳನ್ನೆಲ್ಲ ನಿಲ್ಲಿಸಿ ಒಂದು ರಾಗವನ್ನು ಸಾವಕಾಶವಾಗಿ ನುಡಿಸಲು ಬಿಡುವುದು. ಮನೆಯ ಹಿರಿಯ ಹೆಂಗಸರಿಂದ ಎರಡು ಸೋಬಾನೆ ಹಾಡಿಸುವುದು. ವೀಳ್ಯದೊಡನೆ ಒಪ್ಪಿದ ಹಣವನ್ನು ಕಾಯಿಸದೆ ಕೊಡುವುದು. ಎಲ್ಲಕ್ಕಿಂತ ಮಿಗಿಲಾಗಿ, ಊದಿದವರಿಗೂ ಬಡಿದವರಿಗೂ ಮೊದಲ ಪಂಕ್ತಿಯಲ್ಲಿ, ಬೀಗರ ಪಕ್ಕದಲ್ಲಿಯೇ ಎಲೆ ಹಾಕುವುದು. ಊಟಕ್ಕೆ ಏಳುವಾಗ ವಾದಕನನ್ನು ‘ಬನ್ನಿ ಸ್ವಾಮಿ, ನಮ್ಮೊಡನೆ ಕುಳಿತುಕೊಳ್ಳಿ’ ಎಂದು ಯಜಮಾನನೇ ಕೈಹಿಡಿದು ಕರೆದರೆ, ಓಲಗವೆಂಬ ಮಾತಿನ ಎರಡು ಅರ್ಥಗಳೂ ಒಂದೇ ಎಲೆಯ ಮುಂದೆ ಕೂಡಿಕೊಳ್ಳುತ್ತವೆ.