ಲಕೋಟೆಯಲ್ಲಿ ಬಂದ ಕಳ್ಳ

ಅಂಚೆಯವನು ಬಾಗಿಲಲ್ಲಿ ನಿಂತು ಕೂಗಿದಾಗ ಮನೆಯವರ ಮನಸ್ಸು ಒಮ್ಮೆ ಚುರುಕಾಗುತ್ತದೆ. ತವರಿನ ಕಾಗದವಿರಬಹುದು, ಮದುವೆಯ ಕರೆಯೋಲೆ ಇರಬಹುದು, ವಿಮೆಯ ಕಂತಿನ ಜ್ಞಾಪನೆಯೂ ಇರಬಹುದು. ಆದರೆ ಲಕೋಟೆಯನ್ನು ಒಡೆದಾಗ ಒಳಗಿನಿಂದ ಒಂದು ಕೊಲೆಯೇ ಹೊರಬಿದ್ದರೆ?

ಈಗ ಅಂಥ ಲಕೋಟೆಗಳೂ ಬರುತ್ತವೆ. ಹಣ ಕಳುಹಿಸಿದವರ ಮನೆಗೆ ಒಂದು ಪೆಟ್ಟಿಗೆ ಬರುತ್ತದೆ. ಅದರಲ್ಲಿ ಸಾಕ್ಷಿಗಳ ಹೇಳಿಕೆಗಳು, ವೃತ್ತಪತ್ರಿಕೆಯ ತುಣುಕುಗಳು, ಮಸುಕಾದ ಭಾವಚಿತ್ರಗಳು, ಬೆರಳಿನ ಗುರುತುಗಳು, ಹರಿದ ರೈಲು ಟಿಕೆಟ್ಟು. ಅಪರಾಧಿ ಯಾರೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ಮನೆಯವರೇ ಪತ್ತೆಹಚ್ಚಬೇಕು. ಅಮೆರಿಕದಲ್ಲಿ ೨೦೧೬ರಲ್ಲಿ ಆರಂಭವಾದ ‘ಹಂಟ್ ಎ ಕಿಲ್ಲರ್’ ಎಂಬ ಮಾಲಿಕೆ ಈ ಆಟವನ್ನು ಬಹುಜನಪ್ರಿಯಗೊಳಿಸಿತು. ಮಕ್ಕಳು ಮಲಗಿದ ಮೇಲೆ, ಊಟದ ಮೇಜನ್ನು ಒರೆಸಿ, ಗಂಡ ಹೆಂಡತಿ ಎದುರುಬದುರಾಗಿ ಕುಳಿತು ಕಾಗದಗಳನ್ನು ಹರಡಿಕೊಂಡರೆಂದರೆ ರಾತ್ರಿ ಹನ್ನೊಂದಾದುದು ತಿಳಿಯುವುದಿಲ್ಲ.

ಇದು ಹೊಸ ಕಾಲದ ಹುಚ್ಚೆಂದು ಭಾವಿಸಬೇಕಾಗಿಲ್ಲ. ೧೯೩೬ರಲ್ಲಿಯೇ ಇಂಗ್ಲೆಂಡಿನ ಕಾದಂಬರಿಕಾರ ಡೆನಿಸ್ ವೀಟ್ಲಿ, ಜೆ. ಜಿ. ಲಿಂಕ್ಸ್ ಎಂಬುವನೊಡನೆ ಸೇರಿ, ‘ಮರ್ಡರ್ ಆಫ್ ಮಯಾಮಿ’ ಎಂಬ ವಿಚಿತ್ರ ಪುಸ್ತಕವೊಂದನ್ನು ಹೊರಡಿಸಿದ. ಅದು ಪುಸ್ತಕವೆನ್ನುವುದಕ್ಕಿಂತ ಪೊಲೀಸ್ ಕಚೇರಿಯ ಕಡತವೆಂದರೆ ಸರಿ. ತಂತಿಗಳು, ಕೈಬರಹದ ಪತ್ರಗಳು, ಛಾಯಾಚಿತ್ರಗಳಷ್ಟೇ ಅಲ್ಲ, ಕಲೆಯಾದ ಪರದೆಯ ತುಂಡು, ಕೂದಲು, ಬೆಂಕಿಕಡ್ಡಿಗಳು ಕೂಡ ಅದರೊಳಗಿದ್ದವು. ಕೊನೆಯ ಪುಟಗಳಿಗೆ ಮುದ್ರೆಯೊತ್ತಲಾಗಿತ್ತು. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಓದಿದ ತಲೆಮಾರಿಗೆ ಇಂಥ ಕಡತ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ!

ಅವರಿಗೆ ಸಿಕ್ಕಿದ್ದು ಬೇರೊಂದು ಬಗೆಯ ಅಂಚೆಯ ಒಗಟು. ಅದರ ಕಥೆ ಕೊನೆಗೆ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇ ಹತ್ತಿತು.

ಹೊಸಪೇಟೆ, ಸಂಡೂರು, ಕಂಪ್ಲಿಗಳ ಸೀಮೆ ಮದರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದುದು ೧೯೫೩ರ ಅಕ್ಟೋಬರ್ ೧ರಂದು. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ವಾರಪತ್ರಿಕೆ ಅಚ್ಚಾಗುತ್ತಿತ್ತು. ಆರ್. ಎಂ. ಡಿ. ಚಮರ್‌ಬಾಗ್‌ವಾಲಾ ಎಂಬುವರು ಸ್ಥಾಪಿಸಿದ ಮೈಸೂರು ಸಂಸ್ಥೆಯೊಂದು ಅದರ ಮೂಲಕ ‘ಆರ್. ಎಂ. ಡಿ. ಸಿ. ಕ್ರಾಸ್‌ವರ್ಡ್ಸ್’ ಎಂಬ ಬಹುಮಾನದ ಪದಬಂಧವನ್ನು ನಡೆಸುತ್ತಿತ್ತು. ದೇಶದ ಮೂಲೆಮೂಲೆಗಳಿಂದ ಶುಲ್ಕಸಹಿತ ಉತ್ತರಗಳು ಬರುತ್ತಿದ್ದವು. ಮುಂಬಯಿ ಪ್ರಾಂತದಲ್ಲಿ ಅವನ್ನು ಸಂಗ್ರಹಿಸಲು ಪ್ರತ್ಯೇಕ ಕೇಂದ್ರಗಳೇ ಇದ್ದವು.

ಇಂಥ ಪದಬಂಧಗಳ ಮರ್ಮವನ್ನು ಕನ್ನಡದಲ್ಲಿಯೇ ಒಂದು ಉದಾಹರಣೆಯಿಂದ ತಿಳಿಯಬಹುದು. ಎರಡು ಮನೆಗಳಿವೆ, ಎರಡನೆಯದರಲ್ಲಿ ‘ಗು’ ಎಂದು ಅಚ್ಚಾಗಿದೆ. ಸೂಚನೆ: ‘ಮನೆಗೆ ಇದರಿಂದಲೇ ಕಳೆ’. ಗಂಡ ‘ನಗು’ ಎನ್ನುತ್ತಾನೆ, ಹೆಂಡತಿ ‘ಮಗು’ ಎನ್ನುತ್ತಾಳೆ. ಇಬ್ಬರಲ್ಲಿ ಯಾರ ಮಾತು ತಪ್ಪು? ಯಾರದೂ ಅಲ್ಲ. ಸಂಪಾದಕರು ಮುದ್ರೆಯೊತ್ತಿಟ್ಟ ಉತ್ತರದಲ್ಲಿ ಯಾವುದಿದೆಯೋ ಅದೇ ಸರಿ. ಇಂಥ ಹನ್ನೆರಡು ಸಂದಿಗ್ಧಗಳಿದ್ದರೆ ಎಲ್ಲ ಸಾಧ್ಯತೆಗಳನ್ನೂ ತುಂಬಲು ೪೦೯೬ ಉತ್ತರಪತ್ರಗಳು ಬೇಕು. ಒಂದಕ್ಕೆ ನಾಲ್ಕಾಣೆ ಶುಲ್ಕವೆಂದಿಟ್ಟುಕೊಂಡರೂ ೧೦೨೪ ರೂಪಾಯಿ! ಅಷ್ಟು ಹಣವಿದ್ದ ಗುಮಾಸ್ತ ಪದಬಂಧ ತುಂಬುವ ಗೋಜಿಗೆ ಹೋಗುತ್ತಿರಲಿಲ್ಲ. ಇಲ್ಲದವನು ಈ ವಾರ ನಾಲ್ಕು, ಬರುವ ವಾರ ಎಂಟು ಎಂದು ಕಳುಹಿಸುತ್ತ, ಹಾಲಿನವನ ಲೆಕ್ಕವನ್ನು ಮುಂದೂಡುತ್ತ ಹೋಗುವುದು ಸಹಜವಷ್ಟೆ. ಅದೇ ಸೂಚನೆ ‘ಅಳುವೇ ಇದರ ಭಾಷೆ’ ಎಂದಿದ್ದರೆ? ಆಗ ‘ಮಗು’ ಒಂದೇ ಉತ್ತರ. ಬುದ್ಧಿಗೆ ಕೆಲಸವುಂಟು, ಅದೃಷ್ಟಕ್ಕಿಲ್ಲ.

ನ್ಯಾಯಾಲಯದ ಮುಂದೆ ಬಂದ ಪ್ರಶ್ನೆಯೂ ಬಹುಮಟ್ಟಿಗೆ ಇದೇ. ಮುಂಬಯಿ ಸರ್ಕಾರ ತನ್ನ ೧೯೪೮ರ ಕಾನೂನನ್ನು ೧೯೫೨ರಲ್ಲಿ ತಿದ್ದಿ, ಹೊರರಾಜ್ಯಗಳಲ್ಲಿ ಅಚ್ಚಾಗಿ ಬರುವ ಪತ್ರಿಕೆಗಳ ಸ್ಪರ್ಧೆಗಳ ಮೇಲೂ ತೆರಿಗೆ ಹೇರಿತು. ಇದು ವ್ಯಾಪಾರ ಸ್ವಾತಂತ್ರ್ಯಕ್ಕೆ ಭಂಗವೆಂದು ಸಂಸ್ಥೆ ವಾದಿಸಿತು. ೧೯೫೭ರ ಏಪ್ರಿಲ್ ೯ರಂದು ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರು ತೀರ್ಪಿತ್ತರು: ಈ ಸ್ಪರ್ಧೆ ಜೂಜಿನ ಸ್ವರೂಪದ್ದು, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲ. ಋಗ್ವೇದದ ಜೂಜುಗಾರನ ಸೂಕ್ತವನ್ನೂ ಪಾಂಡವರ ದ್ಯೂತವನ್ನೂ ಆ ತೀರ್ಪು ಸ್ಮರಿಸುತ್ತದೆ. ವೇದಕಾಲದ ದಾಳಗಳೂ ಬೆಂಗಳೂರಿನ ಪದಬಂಧವೂ ಒಂದೇ ಪಂಕ್ತಿಯಲ್ಲಿ ಕುಳಿತ ಪ್ರಸಂಗವಿದು. ಆ ಸೂಕ್ತದಲ್ಲಿ ಜೂಜುಗಾರನ ಪರಿತ್ಯಕ್ತ ಪತ್ನಿಯ ದುಃಖವೂ ಇದೆಯೆಂಬುದನ್ನು ಮರೆಯಬಾರದು.

ಕೇಂದ್ರದ ೧೯೫೫ರ ಬಹುಮಾನ ಸ್ಪರ್ಧೆಗಳ ಕಾಯಿದೆಯಂತೂ ತಿಂಗಳಿಗೆ ಬಹುಮಾನದ ಮೊತ್ತ ೧೦೦೦ ರೂಪಾಯಿಯನ್ನೂ ಸ್ಪರ್ಧೆಯೊಂದಕ್ಕೆ ಬರುವ ಉತ್ತರಪತ್ರಗಳು ೨೦೦೦ವನ್ನೂ ಮೀರಬಾರದೆಂದು ವಿಧಿಸಿತು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ ನ್ಯಾಯಾಲಯ ಒಂದು ಬಾಗಿಲನ್ನು ತೆರೆದೇ ಇಟ್ಟಿತು: ಯಶಸ್ಸು ಗಣನೀಯವಾಗಿ ಚಾತುರ್ಯವನ್ನು ಅವಲಂಬಿಸಿರುವ ಸ್ಪರ್ಧೆಗೆ ಈ ಕಾಯಿದೆ ಅನ್ವಯಿಸದು.

ಬಹುಮಾನ ಕಳಚಿಬಿದ್ದ ಮೇಲೆ ಉಳಿಯುವುದು ಒಗಟು, ಮತ್ತು ಅದನ್ನು ಬಿಡಿಸುವ ಇಬ್ಬರು. ಇದಕ್ಕೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಪರದೇಶದ ಪೆಟ್ಟಿಗೆಯೇನೂ ಬೇಕಾಗಿರಲಿಲ್ಲ. ಮದುವೆಮನೆಯಲ್ಲಿ ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪಿನೊಳಗೆ ಅಡಗಿಸಿ ಹೇಳುವ ಪದ್ಧತಿ ಈ ಸೀಮೆಯಲ್ಲಿ ಬಹು ಹಳೆಯದು. ಬೀಗರು ಬಾಗಿಲಿಗೆ ಅಡ್ಡ ನಿಂತಿರುವಾಗ ಆ ಒಡಪಿಗಾಗಿ ತಡಕಾಡಿದ ವಧುವಿನ ಪಾಡನ್ನು ಬಲ್ಲ ಗೃಹಿಣಿಯರು, ಪತ್ತೇದಾರರ ಪರೀಕ್ಷೆಯನ್ನು ಅಂದೇ ಮುಗಿಸಿದವರು! ಕಥೆಯಲ್ಲಿ ಕೊರತೆಯಿದ್ದರೆ ಕಂಪ್ಲಿಯ ಕುಮಾರರಾಮನಿದ್ದಾನೆ. ಮಲತಾಯಿ ರತ್ನಾಜಿಯ ಸುಳ್ಳು ದೂರನ್ನು ನಂಬಿದ ಕಂಪಿಲರಾಯ ಮಗನ ತಲೆ ಕಡಿಯಲು ಅಪ್ಪಣೆಯಿತ್ತಾಗ, ಮಂತ್ರಿ ಬೈಚಪ್ಪ ಅವನನ್ನು ಅಡಗಿಸಿಟ್ಟು ಬೇರೊಂದು ತಲೆಯನ್ನು ತೋರಿಸಿದನಂತೆ. ಸತ್ತವನು ಸತ್ತಿಲ್ಲ, ದೂರು ಕೊಟ್ಟವಳೇ ದೋಷಿ. ಈ ತಿರುವನ್ನು ಇಂದಿನ ಪೆಟ್ಟಿಗೆಗಳೂ ಮೀರಿಸಿಲ್ಲ.

ಬೆಲೆ ಕೊಟ್ಟು ತರಿಸುವ ಪೆಟ್ಟಿಗೆ ದುಬಾರಿಯೆನಿಸಿದರೆ ದಂಪತಿಗಳು ಒಬ್ಬರಿಗೊಬ್ಬರು ರಹಸ್ಯವನ್ನು ಹೆಣೆದು ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕಬಹುದು. ಸುಳಿವುಗಳು ಬಾಗಿಲಲ್ಲಿಯೇ ಬಿದ್ದಿವೆ. ಒಬ್ಬ ಸಾಕ್ಷಿ ಹೇಳುತ್ತಾನೆ: ‘ಕಂಪ್ಲಿಯಲ್ಲಿ ಹೊಳೆಗೆ ಬಿದ್ದ ಪೆಟ್ಟಿಗೆ ತೇಲಿಬಂದು ಹಂಪೆಯ ಚಕ್ರತೀರ್ಥದಲ್ಲಿ ಸಿಕ್ಕಿತು.’ ಸುಳ್ಳು! ಹೊಸಪೇಟೆಯ ಅಣೆಕಟ್ಟನ್ನು ದಾಟಿದ ತುಂಗಭದ್ರೆ ಮೊದಲು ಹಂಪೆಯನ್ನು ಕಂಡು ಆಮೇಲೆ ಕಂಪ್ಲಿಗೆ ಹೋಗುತ್ತಾಳೆ; ನೀರು ಏರುಮುಖವಾಗಿ ಹರಿಯದು. ಇನ್ನೊಬ್ಬನ ಹೇಳಿಕೆ: ‘ವಿರೂಪಾಕ್ಷನ ಗುಡಿಯ ಕತ್ತಲೆಯ ಕೋಣೆಯಲ್ಲಿದ್ದೆ, ಗೋಪುರದ ನೆರಳು ಗೋಡೆಯ ಮೇಲೆ ನೆಟ್ಟಗೆ ನಿಂತಿದ್ದುದನ್ನು ಕಂಡೆ.’ ಈತ ಆ ಕೋಣೆಗೆ ಕಾಲಿಟ್ಟವನೇ ಅಲ್ಲ. ಸಣ್ಣ ಕಿಂಡಿಯನ್ನು ಹಾಯುವ ಬೆಳಕಿನ ಕಿರಣಗಳು ನೇರವಾಗಿ ಸಾಗಿ ಒಂದನ್ನೊಂದು ದಾಟುವುದರಿಂದ ಅಲ್ಲಿ ಗೋಪುರ ತಲೆಕೆಳಗಾಗಿಯೇ ಕಾಣುತ್ತದೆ.

ಸಂಡೂರಿನ ಕೆಂಪು ಧೂಳು ಮಾತ್ರ ಜಾರುವ ಸುಳಿವು. ಪಾದರಕ್ಷೆಯಲ್ಲಿ ಅದಿರಿನ ಧೂಳು ಕಂಡೊಡನೆ ‘ಇವನು ಸಂಡೂರಿಗೆ ಹೋಗಿದ್ದ’ ಎಂದು ಗಂಡ ಮೇಜು ಕುಟ್ಟಬಹುದು. ಅದಿರಿನ ಲಾರಿಗಳು ಸಾಲುಗಟ್ಟಿ ಓಡಿದ ವರ್ಷಗಳಲ್ಲಿ ಆ ಧೂಳು ಹೊಸಪೇಟೆಯ ರಸ್ತೆಗೂ ಬಂದಿತ್ತಲ್ಲ ಎಂದು ಹೆಂಡತಿ ನೆನಪಿಸಿದರೆ, ಅರ್ಧ ಗಂಟೆಯ ತರ್ಕ ಮಣ್ಣುಗೂಡಿತು. ಇಬ್ಬರು ಕುಳಿತು ಆಡುವುದರ ಪ್ರಯೋಜನ ಇದೇ. ಒಬ್ಬನೇ ಕುಳಿತವನು ಮೊದಲು ಸಂಶಯಪಟ್ಟವನನ್ನೇ ಕೊನೆಯವರೆಗೂ ಹಿಡಿದುಕೊಂಡು, ಒಪ್ಪುವ ಸುಳಿವುಗಳನ್ನು ಮಾತ್ರ ಎಣಿಸುತ್ತಾನೆ. ಒಬ್ಬರು ಹೇಳಿಕೆಯನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರು ಯಾವ ಗಂಟೆಗೆ ಯಾರು ಎಲ್ಲಿದ್ದರೆಂದು ಕಾಗದದಲ್ಲಿ ಬರೆದುಕೊಳ್ಳುತ್ತ ಹೋದರೆ ಎರಡು ಹೇಳಿಕೆಗಳು ಡಿಕ್ಕಿ ಹೊಡೆಯುವ ಜಾಗ ತಾನಾಗಿ ತೋರುತ್ತದೆ. ಓದುವವರು ಬರೆಯುವವರು ನಡುನಡುವೆ ಸ್ಥಾನ ಬದಲಿಸಬೇಕು. ಇಲ್ಲವಾದರೆ ಒಬ್ಬರು ಪತ್ತೇದಾರರಾಗಿ ಮತ್ತೊಬ್ಬರು ಗುಮಾಸ್ತರಾಗಿ ಉಳಿದುಬಿಡುತ್ತಾರೆ. ಯಾರು ಯಾವುದಾಗುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಗಳ ಬರುವುದು ಮುದ್ರೆಯ ಲಕೋಟೆಯ ವಿಷಯದಲ್ಲಿ. ಎರಡನೆಯ ರಾತ್ರಿಯೂ ಕಳ್ಳ ಸಿಗದಿದ್ದಾಗ ‘ಒಡೆದು ನೋಡೋಣ’ ಎಂದು ಒಬ್ಬರು, ‘ನಾಳೆಯ ತನಕ ತಾಳಿ’ ಎಂದು ಇನ್ನೊಬ್ಬರು. ಲಕೋಟೆಯನ್ನು ಅಲಮಾರಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡ ಮೇಲೆ ದೀಪ ಆರುತ್ತದೆ. ಕತ್ತಲೆಯಲ್ಲಿ ಸ್ವಲ್ಪ ಹೊತ್ತಿನ ಮೇಲೆ ಒಂದು ದನಿ ಕೇಳುತ್ತದೆ: ‘ಅಲ್ಲಾ, ಆ ಅಡಿಗೆಯವನಿಗೆ ಕಿಟಕಿ ತೆರೆದಿದ್ದುದು ಹೇಗೆ ಗೊತ್ತಾಯಿತು?’